ಸಸಿ ನೆಡಿಸುವವರಿಗೂ ಗುರು ಬೇಕು

ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿರುವವರು ಏಪ್ರಿಲ್ ಬಿಸಿಲಿನಲ್ಲಿ ಎಷ್ಟು ಹೊತ್ತು ಕಳೆ ಕೀಳಬಹುದು? ಮೂವತ್ತು ವರ್ಷ ಗಿಡಗಳ ಜೊತೆಗೇ ಬದುಕಿದ ಮಾಲಿಗೆ ಈ ಪ್ರಶ್ನೆ ಕೇಳಿ ನೋಡಿ, ಲಿಥಿಯಂ ಎಂದರೇನೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ. ಮಾತ್ರೆ ಬರೆದುಕೊಟ್ಟ ವೈದ್ಯರನ್ನು ಕೇಳಿದರೆ, ಕುಕ್ಕರಗಾಲಲ್ಲಿ ಕೂತು ಒಂದು ಮಡಿ ಕಳೆ ತೆಗೆಯುವುದಕ್ಕೆ ಎಷ್ಟು ಬೆವರು ಹರಿಯುತ್ತದೆಂಬ ಅಂದಾಜು ಅವರಿಗಿರುವುದಿಲ್ಲ. ಉತ್ತರ ಮಾತ್ರ ಗಂಭೀರವಾದದ್ದು. ಬೆವರಿನೊಂದಿಗೆ ನೀರೂ ಉಪ್ಪೂ ಹೋದಾಗ ಮೂತ್ರಪಿಂಡಗಳು ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತವೆ. ರಕ್ತದಲ್ಲಿ ಅದರ ಮಟ್ಟ ಏರಿ ಕೈ ನಡುಕ, ವಾಂತಿ, ತೂರಾಟ ಶುರುವಾಗಬಹುದು. ಕ್ಲೋರ್‌ಪ್ರೊಮಜಿನ್ ಸೇವಿಸುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಮನೋರೋಗದ ಔಷಧಗಳ ಜೊತೆಗೆ ನಮ್ಮಲ್ಲಿ ಧಾರಾಳವಾಗಿ ಕೊಡುವ ಟ್ರೈಹೆಕ್ಸಿಫೆನಿಡಿಲ್ ಬೆವರನ್ನೇ ಕಡಿಮೆ ಮಾಡುವುದರಿಂದ ಮೈ ತಣಿಯುವುದು ಕಷ್ಟವಾಗುತ್ತದೆ.

ಇವನ್ನೆಲ್ಲ ತಿಳಿದು, ಹತ್ತು ಗಂಟೆಗೆ ಮುಂಚೆ ಕೆಲಸ ಮುಗಿಸಿ, ನೆರಳಲ್ಲಿ ಮಜ್ಜಿಗೆ ಕೊಟ್ಟು ಕೂರಿಸುವವರು ಒಬ್ಬರು ಬೇಕು. ಅವರನ್ನೇ ಹೊರದೇಶಗಳಲ್ಲಿ ಹಾರ್ಟಿಕಲ್ಚರಲ್ ಥೆರಪಿಸ್ಟ್ ಎನ್ನುತ್ತಾರೆ. ತೋಟದ ಕೆಲಸದಿಂದ ಮನಸ್ಸು ಹಗುರವಾಗುತ್ತದೆ ಎಂಬ ಲೇಖನಗಳಿಗೆ ಕೊರತೆಯಿಲ್ಲ. ವಾರಾಂತ್ಯದ ರೆಸಾರ್ಟುಗಳೂ ಈಗ ಒಂದು ಕುಂಡ, ಒಂದು ಸಸಿ ಕೈಗೆ ಕೊಟ್ಟು ಅದನ್ನು ಥೆರಪಿ ಎಂದು ಬಿಲ್ಲಿನಲ್ಲಿ ಸೇರಿಸುತ್ತವೆ. ಆದರೆ ಆ ತೋಟದಲ್ಲಿ ನಿಂತು ಕೆಲಸ ಮಾಡಿಸುವವರು ಎಲ್ಲಿ ಕಲಿತರು, ದಿನದ ಕೊನೆಗೆ ಅವರ ಭಾರ ಇಳಿಸಿಕೊಳ್ಳಲು ಯಾರಿದ್ದಾರೆ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಅಲ್ಲಿದೆ. ತೋಟ ತಾನಾಗಿಯೇ ಯಾರನ್ನೂ ಗುಣಪಡಿಸುವುದಿಲ್ಲ. ಹಾಗೆ ಆಗುವುದಾಗಿದ್ದರೆ ನಮ್ಮ ಹಳ್ಳಿಗಳಲ್ಲಿ ಖಿನ್ನತೆಯೇ ಇರುತ್ತಿರಲಿಲ್ಲ.

ಈ ಕಸುಬಿನ ಮೊದಲ ಪಾಠ ಒಂದು ಕೆಲಸವನ್ನು ಬಿಡಿಸಿ ನೋಡುವುದು. ಬೀಜ ಬಿತ್ತುವುದೆಂದರೆ ನಮಗೆ ಒಂದೇ ಕೆಲಸ. ಥೆರಪಿಸ್ಟ್ ಅದನ್ನು ಹತ್ತಾರು ತುಂಡು ಮಾಡುತ್ತಾರೆ: ಟ್ರೇ ಹಿಡಿಯುವುದು, ಮಣ್ಣು ತುಂಬುವುದು, ಅಂಗೈಯಿಂದ ಒತ್ತುವುದು, ಬೆರಳಲ್ಲಿ ಕುಳಿ ಮಾಡುವುದು, ಬೀಜ ಎತ್ತುವುದು, ಎಣಿಸುವುದು, ಬಿಡುವುದು, ಮುಚ್ಚುವುದು, ನೀರು ಚಿಮುಕಿಸುವುದು, ಹೆಸರು ಬರೆದ ಕಡ್ಡಿ ಚುಚ್ಚುವುದು. ಪ್ರತಿ ತುಂಡೂ ಬೇರೆ ಬೇರೆ ಶಕ್ತಿಯನ್ನು ಕೇಳುತ್ತದೆ. ಪಾರ್ಶ್ವವಾಯುವಿನಿಂದ ಬಲಗೈ ಸೋತವರಿಗೆ ಅವರೆಕಾಳು ಎತ್ತುವುದು ಸಾಧ್ಯ, ಟೊಮೆಟೊ ಬೀಜ ಎತ್ತುವುದು ಸಾಧ್ಯವಿಲ್ಲ. ಹಾಗಾದರೆ ಮೊದಲ ವಾರ ಅವರೆ, ಕೆಲವು ವಾರಗಳ ನಂತರ ಮೂಲಂಗಿ, ಟೊಮೆಟೊ ಕೊನೆಗೆ. ಇಲ್ಲಿ ಬೀಜದ ಗಾತ್ರವೇ ಚಿಕಿತ್ಸೆಯ ಮೆಟ್ಟಿಲು. ಬುದ್ಧಿಮಾಂದ್ಯ ಇರುವ ಹುಡುಗನಿಗೆ ಎಣಿಸುವುದೇ ಗುರಿಯಾಗಿರಬಹುದು. ಸ್ಕಿಜೋಫ್ರೇನಿಯಾದಿಂದ ಚೇತರಿಸಿಕೊಳ್ಳುತ್ತಿರುವವರಿಗೆ, ಪಕ್ಕದವರ ಕಡೆ ಕೈ ಚಾಚಿ ‘ಆ ನೀರಿನ ಕ್ಯಾನ್ ಕೊಡಿ’ ಎಂದು ಕೇಳುವುದು ಗುರಿಯಾಗಿರಬಹುದು. ಅದಕ್ಕಾಗಿಯೇ ಆರು ಜನಕ್ಕೆ ಎರಡೇ ಕ್ಯಾನ್ ಇಟ್ಟಿರುತ್ತಾರೆ. ನೋಡುವವರಿಗೆ ಅದು ಸಾಮಾನಿನ ಕೊರತೆಯಂತೆ ಕಾಣುತ್ತದೆ.

ಗಿಡದ ಆಯ್ಕೆಯೂ ಹೀಗೆಯೇ. ಮರೆವಿನ ಕಾಯಿಲೆಯವರಿಗೆ ದವನ, ಮರುಗ, ದೊಡ್ಡಪತ್ರೆ ಒಳ್ಳೆಯವು. ಹೆಸರು ಮರೆತವರಿಗೂ ವಾಸನೆ ಹಳೆಯದೇನನ್ನೋ ನೆನಪಿಸುವುದುಂಟು. ತಾಳ್ಮೆ ಕಡಿಮೆ ಇರುವ ಮಕ್ಕಳಿಗೆ ಮೆಂತ್ಯ ಸರಿ, ಎರಡು ಮೂರು ದಿನಕ್ಕೇ ಮೊಳಕೆ ಕಾಣುತ್ತದೆ. ಮಾವಿನ ಸಸಿ ಕೊಟ್ಟು ಐದು ವರ್ಷ ಕಾಯಿರಿ ಎಂದರೆ ನಡೆಯುವುದಿಲ್ಲ. ಯಾವುದನ್ನು ನೆಡಬಾರದು ಎನ್ನುವುದು ಇನ್ನೂ ಮುಖ್ಯ. ಕಣಗಿಲೆ, ದತ್ತೂರ, ಔಡಲ, ಗುಲಗಂಜಿ, ಮನೆಯೊಳಗೆ ಅಲಂಕಾರಕ್ಕಿಡುವ ಡೈಫೆನ್‌ಬಾಕಿಯಾ, ಇವೆಲ್ಲ ನಮ್ಮ ಸುತ್ತಲೇ ಇರುವ ವಿಷದ ಗಿಡಗಳು. ಕಂಡದ್ದನ್ನೆಲ್ಲ ಬಾಯಿಗಿಡುವ ಮಗುವಿರುವ ಗುಂಪಿಗೆ ಇವು ಬೇಡ. ಕೀಟನಾಶಕವಂತೂ ಇಂಥ ತೋಟದ ಆವರಣದಲ್ಲೇ ಇರಕೂಡದು. ಬೀಗ ಹಾಕಿಟ್ಟಿದ್ದೇವೆ ಎಂಬ ಮಾತು ಸಾಲದು. ಗ್ರಾಮೀಣ ಭಾರತದಲ್ಲಿ ಕೆಲಸ ಮಾಡುವವರಿಗೆ ಕಾರಣ ವಿವರಿಸಬೇಕಿಲ್ಲ.

ಇದನ್ನೆಲ್ಲ ಪುಸ್ತಕದಿಂದ ಅರ್ಧ ಕಲಿಯಬಹುದು. ಉಳಿದರ್ಧಕ್ಕೆ ಕಲಿತವರ ಪಕ್ಕದಲ್ಲಿ ನಿಲ್ಲಬೇಕು. ಅಮೆರಿಕದಲ್ಲಿ ಇದಕ್ಕೊಂದು ವ್ಯವಸ್ಥೆ ರೂಪುಗೊಳ್ಳಲು ಬಹಳ ಕಾಲ ಹಿಡಿಯಿತು. 1812ರಲ್ಲೇ ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಶ್, ತೋಟ ಅಗೆಯುವ, ಸೌದೆ ಸೀಳುವ ಬಡ ರೋಗಿಗಳು ಚೇತರಿಸಿಕೊಳ್ಳುತ್ತಾರೆ, ಮೈಬಗ್ಗಿಸದ ಸಿರಿವಂತ ರೋಗಿಗಳು ಹಾಗೇ ಸೊರಗುತ್ತಾರೆ ಎಂದು ಬರೆದಿದ್ದರು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಆಸ್ಪತ್ರೆಗಳಿಗೆ ಉದ್ಯಾನ ಸಂಘಗಳ ಮಹಿಳೆಯರು ಹೂಗಿಡ ಹಿಡಿದು ಹೋದರು. ಒಳ್ಳೆಯ ಮನಸ್ಸಿನವರು, ತರಬೇತಿ ಇಲ್ಲದವರು. ಮನೋರೋಗಿಗಳ ನಡುವೆ ಕೆಲಸ ಮಾಡಿದ್ದ ಆಲಿಸ್ ಬರ್ಲಿಂಗೇಮ್ ಇದು ಸಾಲದು ಎಂದು ಮನಗಂಡು 1952ರಲ್ಲಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ತರಬೇತಿ ಶಿಬಿರ ನಡೆಸಿದರು. 1960ರಲ್ಲಿ ಡೊನಾಲ್ಡ್ ವಾಟ್ಸನ್ ಜೊತೆಗೂಡಿ ಈ ವಿಷಯದ ಮೊದಲ ಪಠ್ಯಪುಸ್ತಕವನ್ನೂ ತಂದರು. 1970ರ ದಶಕದ ಆರಂಭದಲ್ಲಿ ಮೆನಿಂಜರ್ ಫೌಂಡೇಷನ್ ಎಂಬ ಮನೋವೈದ್ಯಕೀಯ ಸಂಸ್ಥೆಯೂ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ತೋಟಗಾರಿಕೆ ವಿಭಾಗವೂ ಕೈಜೋಡಿಸಿ ಪದವಿ ಮಟ್ಟದ ಪಾಠಕ್ರಮ ಆರಂಭಿಸಿದವು. ಈ ಜೋಡಿಯನ್ನು ಗಮನಿಸಿ: ಒಂದು ಆಸ್ಪತ್ರೆ, ಒಂದು ತೋಟಗಾರಿಕೆ ಕಾಲೇಜು. ಮುಂದೆ ನಮ್ಮ ಕಡೆಯ ಮಾತು ಬಂದಾಗ ಇದು ಬೇಕಾಗುತ್ತದೆ.

1973ರಲ್ಲಿ ಎರಡು ಘಟನೆಗಳು ನಡೆದವು. ಒಂದು, ಈ ಕಸುಬಿನವರು ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಅದೇ ಇವತ್ತಿನ ಅಮೆರಿಕನ್ ಹಾರ್ಟಿಕಲ್ಚರಲ್ ಥೆರಪಿ ಅಸೋಸಿಯೇಷನ್. ಇನ್ನೊಂದು, ಸೌಡರ್ ವರ್ಸಸ್ ಬ್ರೆನನ್ ಎಂಬ ಮೊಕದ್ದಮೆಯಲ್ಲಿ ಅಲ್ಲಿನ ನ್ಯಾಯಾಲಯ, ಮಾನಸಿಕ ಆಸ್ಪತ್ರೆಗಳಲ್ಲಿ ದುಡಿಯುವ ರೋಗಿಗಳಿಗೂ ಕನಿಷ್ಠ ಕೂಲಿಯ ಕಾನೂನು ಅನ್ವಯಿಸುತ್ತದೆ ಎಂದಿತು. ಅಲ್ಲಿಯತನಕ ಎಷ್ಟೋ ಆಸ್ಪತ್ರೆಗಳ ಹೊಲ, ಕೊಟ್ಟಿಗೆ, ಲಾಂಡ್ರಿಗಳು ನಡೆಯುತ್ತಿದ್ದುದೇ ರೋಗಿಗಳ ಬಿಟ್ಟಿ ದುಡಿಮೆಯಿಂದ, ಚಿಕಿತ್ಸೆ ಎಂಬ ಹೆಸರಿನಲ್ಲಿ. ತೀರ್ಪಿನ ನಂತರ ಹಲವು ಆಸ್ಪತ್ರೆಗಳು ಹೊಲ ಗೇಯುವುದನ್ನೇ ಬಿಟ್ಟವು.

ಕಲಿಯಲು ಬರುವವರಿಗೆ ಈ ಚರಿತ್ರೆ ಮೊದಲೇ ಗೊತ್ತಿರಬೇಕು ಎನ್ನುವುದು ನನ್ನ ಬಲವಾದ ಅಭಿಪ್ರಾಯ. ತೋಟದ ಕೆಲಸಕ್ಕೂ ಬಿಟ್ಟಿ ಚಾಕರಿಗೂ ನಡುವೆ ಇರುವ ಗೆರೆ ಬಹಳ ತೆಳ್ಳಗಿನದು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಇದನ್ನು ಹೇಳಿದೆ: ಚಿಕಿತ್ಸಾ ಕೇಂದ್ರದಲ್ಲಿರುವ ಯಾರನ್ನೂ ಕೆಲಸಕ್ಕೆ ಬಲವಂತ ಮಾಡುವಂತಿಲ್ಲ, ಮಾಡಿದ ಕೆಲಸಕ್ಕೆ ತಕ್ಕ ಸಂಭಾವನೆ ಕೊಡಬೇಕು. ನಮ್ಮಲ್ಲಿ ಈ ಗೆರೆಗೆ ಇನ್ನೊಂದು ಮಗ್ಗುಲಿದೆ. ಇಂಗ್ಲೆಂಡಿನ ನಿವೃತ್ತ ಗುಮಾಸ್ತನಿಗೆ ಕಳೆ ಕೀಳುವುದು ವಿರಾಮ. ಪಾವಗಡದ ಕೂಲಿ ಹೆಣ್ಣುಮಗಳಿಗೆ ಅದು ಕಸುಬು, ಅದೂ ಮೈಮುರಿಯುವ ಕಸುಬು. ಮಣ್ಣಿನ ಕೆಲಸಕ್ಕೆ ಜಾತಿಯ ನೆನಪೂ ಅಂಟಿಕೊಂಡಿದೆ. ಮಗನನ್ನು ಎಂಜಿನಿಯರ್ ಮಾಡಬೇಕೆಂದಿದ್ದ ಮನೆಯವರಿಗೆ ಅವನ ಕೈಯಲ್ಲಿ ಗುದ್ದಲಿ ಕಂಡರೆ ಅವಮಾನವಾಗುವುದು ಸಹಜ. ವಿದೇಶಿ ಪಠ್ಯದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಇಲ್ಲಿ ಕೆಲಸ ಮಾಡುವವರು ತಾವೇ ಬರೆಯಬೇಕಾದ ಅಧ್ಯಾಯ ಅದು.

ಅಮೆರಿಕದ ಸಂಘ ವೃತ್ತಿ ನೋಂದಣಿಗೆ ಇಟ್ಟುಕೊಂಡ ನಿಯಮದಲ್ಲಿ ನನಗೆ ಮೆಚ್ಚುಗೆಯಾಗಿರುವುದು ಒಂದು ಅಂಕಿ, 480 ಗಂಟೆ. ಪದವಿ ಇರಬೇಕು, ಸಸ್ಯಶಾಸ್ತ್ರವನ್ನೂ ಮನುಷ್ಯರ ಮನಸ್ಸು, ಮೈ, ಸಮಾಜಗಳ ಪಾಠವನ್ನೂ ಓದಿರಬೇಕು, ಅದರ ಮೇಲೆ ನೋಂದಾಯಿತ ಥೆರಪಿಸ್ಟ್ ಒಬ್ಬರ ಕಣ್ಗಾವಲಿನಲ್ಲಿ 480 ಗಂಟೆ ಇಂಟರ್ನ್‌ಶಿಪ್. ದಿನಕ್ಕೆ ಎಂಟು ಗಂಟೆ, ವಾರಕ್ಕೆ ಐದು ದಿನ ಎಂದರೂ ಹನ್ನೆರಡು ವಾರ. ಇದು ಸರ್ಕಾರ ಕೊಡುವ ಲೈಸೆನ್ಸ್ ಅಲ್ಲ, ಸಂಘ ತಾನಾಗಿ ಹಾಕಿಕೊಂಡ ಕಟ್ಟುಪಾಡು. ಎರಡು ದಿನದ ಆನ್‌ಲೈನ್ ಕೋರ್ಸ್ ಮುಗಿಸಿ ಹೆಸರಿನ ಮುಂದೆ ಥೆರಪಿಸ್ಟ್ ಎಂದು ಬರೆದುಕೊಳ್ಳುವ ನಮ್ಮ ಕಾಲದಲ್ಲಿ ಈ ಅಂಕಿ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಬ್ರಿಟನ್ ಬೇರೆ ದಾರಿ ಹಿಡಿಯಿತು. 1978ರಲ್ಲಿ ಕ್ರಿಸ್ ಅಂಡರ್‌ಹಿಲ್ ಸ್ಥಾಪಿಸಿದ ಸಂಸ್ಥೆ ಇಂದು ಥ್ರೈವ್ ಎಂಬ ಹೆಸರಿನಲ್ಲಿದೆ. ರೆಡಿಂಗ್ ಹತ್ತಿರದ ಬೀಚ್ ಹಿಲ್‌ನಲ್ಲಿ, ಲಂಡನ್ನಿನ ಬ್ಯಾಟರ್‌ಸೀ ಪಾರ್ಕಿನಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ ಅದರ ತೋಟಗಳಿವೆ. ಅಂಗವಿಕಲರು, ಮನೋರೋಗದಿಂದ ಚೇತರಿಸಿಕೊಳ್ಳುವವರು ಅಲ್ಲಿ ಬಂದು ಕೆಲಸ ಮಾಡುತ್ತಾರೆ. ಅದೇ ತೋಟಗಳ ಅನುಭವದ ಮೇಲೆ ಸಂಸ್ಥೆ ಇತರರಿಗೆ ತರಬೇತಿ ಕೊಡುತ್ತದೆ, ಒಂದು ದಿನದ ಪರಿಚಯದಿಂದ ದೀರ್ಘ ಡಿಪ್ಲೊಮಾದವರೆಗೆ. 2005ರಲ್ಲಿ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಸಮೀಕ್ಷೆ ಪ್ರಕಟಿಸಿದಾಗ ಬ್ರಿಟನ್ನಿನಲ್ಲಿ ಇಂಥ ಎಂಟುನೂರಕ್ಕೂ ಹೆಚ್ಚು ತೋಟಗಳಿದ್ದವು. ಅಷ್ಟೊಂದು ತೋಟಗಳಿರುವಲ್ಲಿ ಅವನ್ನು ನಡೆಸುವವರ ಹಿನ್ನೆಲೆಯೂ ನೂರೆಂಟು: ಮಾಲಿಗಳು, ನರ್ಸುಗಳು, ಶಿಕ್ಷಕರು, ಸಮಾಜ ಕಾರ್ಯಕರ್ತರು. ಎಲ್ಲರಿಗೂ ಅರ್ಧ ವಿದ್ಯೆ ಗೊತ್ತು, ಆದರೆ ಒಬ್ಬೊಬ್ಬರದು ಒಂದೊಂದು ಅರ್ಧ. 2021ರಲ್ಲಿ ಬ್ರಿಟನ್ ಸರ್ಕಾರ, ವೈದ್ಯರು ರೋಗಿಗಳನ್ನು ಇಂಥ ಹಸಿರು ಚಟುವಟಿಕೆಗಳಿಗೆ ಕಳಿಸುವ ಪ್ರಯೋಗಕ್ಕೆ ಇಂಗ್ಲೆಂಡಿನ ಏಳು ಕಡೆ ಚಾಲನೆ ಕೊಟ್ಟಿತು. ವೈದ್ಯರೇ ಚೀಟಿ ಬರೆದು ಕಳಿಸತೊಡಗಿದರೆ ತೋಟದ ಬಾಗಿಲಿಗೆ ಬರುವವರ ಕಾಯಿಲೆಯೂ ಗಂಭೀರವಾಗುತ್ತದೆ. ಒಳಗಿರುವವರ ವಿದ್ಯೆ ಅದಕ್ಕೆ ತಕ್ಕಂತೆ ಬೆಳೆಯಬೇಕು.

ಇನ್ನು ಆಸರೆಯ ಮಾತು. ಕಲಿಕೆಗಿಂತ ಇದು ಹೆಚ್ಚು ಕಡೆಗಣನೆಗೆ ಒಳಗಾದದ್ದು.

ಒಂದು ಸಂದರ್ಭ ಊಹಿಸಿಕೊಳ್ಳಿ. ತೀವ್ರ ಖಿನ್ನತೆಯಿಂದ ಈಗಷ್ಟೇ ಹೊರಬರುತ್ತಿರುವ ಹೆಂಗಸೊಬ್ಬರು ಚೆಂಡು ಹೂವಿನ ಸಸಿ ಎಬ್ಬಿಸಿದ್ದಾರೆ. ದಸರಾ ರಜೆಯಲ್ಲಿ ನೀರು ಹಾಕುವವರಿಲ್ಲದೆ ಟ್ರೇ ಪೂರ್ತಿ ಒಣಗಿದೆ. ನಾಳೆ ಅವರು ಬರುತ್ತಾರೆ. ನರ್ಸರಿಯಿಂದ ಅದೇ ಎತ್ತರದ ಸಸಿ ತಂದು ಸದ್ದಿಲ್ಲದೆ ಇಟ್ಟುಬಿಡಬಹುದೇ? ಮನಸ್ಸು ಹಾಗೇ ಹೇಳುತ್ತದೆ. ಹಾಗೆ ಇಟ್ಟು ಅವರಿಗೆ ತಿಳಿದರೆ ನಂಬಿಕೆ ಮುರಿಯಿತು. ಇಡದಿದ್ದರೆ ‘ನಾನು ಮುಟ್ಟಿದ್ದೆಲ್ಲ ಹಾಳು’ ಎಂಬ ಅವರ ಹಳೆಯ ಮಾತಿಗೆ ಸಾಕ್ಷಿ ಸಿಕ್ಕಿತು. ಒಣಗಿದ ಟ್ರೇಯನ್ನು ಅವರ ಜೊತೆಗೇ ಕೂತು ನೋಡಿ, ರಜೆಯಲ್ಲಿ ನೀರಿನ ಏರ್ಪಾಡು ಮಾಡದಿದ್ದದ್ದು ಕೇಂದ್ರದ ತಪ್ಪು ಎಂದು ಒಪ್ಪಿ, ಮತ್ತೆ ಬಿತ್ತುವುದು ಮೂರನೆಯ ದಾರಿ. ಅದಕ್ಕೆ ಆ ಹೆಂಗಸು ಇವತ್ತು ಎಷ್ಟು ಗಟ್ಟಿ ಇದ್ದಾರೆ ಎಂಬ ಅಂದಾಜು ಬೇಕು. ಅಂದಾಜು ತಪ್ಪಿದರೆ? ಆ ರಾತ್ರಿ ನಿದ್ದೆ ಬರದವರು ಥೆರಪಿಸ್ಟ್.

ಇಂಥ ಪ್ರಶ್ನೆಗಳನ್ನು ಹೊತ್ತುಕೊಂಡು ಹೋಗುವ ಜಾಗವನ್ನು ಕೌನ್ಸೆಲಿಂಗ್, ಮನೋವೈದ್ಯಕೀಯ ಸಮಾಜಕಾರ್ಯದವರು ಸೂಪರ್ವಿಷನ್ ಎನ್ನುತ್ತಾರೆ. ಮೇಲಧಿಕಾರಿಯ ತಪಾಸಣೆ ಅಲ್ಲ ಅದು. ಹಾಜರಿ, ಖರ್ಚು, ಫಲಿತಾಂಶ ಕೇಳುವವರು ಬೇರೆ. ತಿಂಗಳಿಗೊಮ್ಮೆ, ಬಾಗಿಲು ಹಾಕಿಕೊಂಡು, ಅನುಭವಸ್ಥರೊಬ್ಬರ ಮುಂದೆ ‘ನಾನು ಹೀಗೆ ಮಾಡಿದೆ, ಸರಿಯೇ?’ ಎಂದು ಕೇಳುವ ಅವಕಾಶ ಇದು. ಮಾಲಿಯಾಗಿ ಬಂದು ಥೆರಪಿ ಕಲಿತವರಿಗೆ ಈ ಅಭ್ಯಾಸವೇ ಇರುವುದಿಲ್ಲ. ಗಿಡ ಸತ್ತರೆ ಇನ್ನೊಂದು ನೆಡುವುದು ಅವರ ಶಿಸ್ತು. ಬರುತ್ತಿದ್ದ ಮನುಷ್ಯ ಒಂದು ವಾರ ಬರದೆ, ಮುಂದಿನ ವಾರ ಅವರ ಸಾವಿನ ಸುದ್ದಿ ಬಂದಾಗ ಆ ಶಿಸ್ತು ಕೆಲಸಕ್ಕೆ ಬರುವುದಿಲ್ಲ. ಉಪಶಾಮಕ ಆರೈಕೆಯ ತೋಟಗಳಲ್ಲಿ ಅಂಥ ಸುದ್ದಿ ಆಗಾಗ ಬರುವಂಥದ್ದೇ.

ಒಂಟಿತನ ಇನ್ನೊಂದು ಕಷ್ಟ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ನಾಲ್ಕು ಜನ ಇದ್ದರೆ ತೋಟದವರು ಒಬ್ಬರೇ. ಅವರ ಕೆಲಸ ಏನೆಂದು ಸಹೋದ್ಯೋಗಿಗಳಿಗೇ ಸ್ಪಷ್ಟವಿಲ್ಲ. ಬಜೆಟ್ ಕಡಿತ ಬಂದಾಗ ಮೊದಲ ಕತ್ತರಿ ತೋಟಕ್ಕೆ. ಸ್ಕಾಟ್ಲೆಂಡಿನ ಟ್ರೆಲ್ಲಿಸ್ ಎಂಬ ಸಂಸ್ಥೆ ಹುಟ್ಟಿಕೊಂಡಿದ್ದೇ ಹೀಗೆ ಅಲ್ಲಲ್ಲಿ ಒಂಟಿಯಾಗಿದ್ದ ತೋಟಗಳನ್ನು ಒಂದು ಜಾಲಕ್ಕೆ ಕಟ್ಟಲು: ಒಬ್ಬರ ತೋಟಕ್ಕೆ ಇನ್ನೊಬ್ಬರು ಹೋಗಿ ನೋಡುವುದು, ಗಾಲಿಕುರ್ಚಿ ಎಷ್ಟು ಅಗಲದ ದಾರಿಯಲ್ಲಿ ಹೋಗುತ್ತದೆ ಎಂಬಂಥ ಸಣ್ಣ ವಿಷಯವನ್ನೂ ಹಂಚಿಕೊಳ್ಳುವುದು. ಸಣ್ಣ ವಿಷಯ ಅಂದೆ, ಆದರೆ ಗಾಲಿಕುರ್ಚಿಯಲ್ಲಿ ಬಂದವರು ಮಡಿಯ ತನಕ ತಲುಪಲಾಗದೆ ಹಿಂತಿರುಗಿದರೆ ಉಳಿದ ಪಾಂಡಿತ್ಯವೆಲ್ಲ ವ್ಯರ್ಥ.

ಪುರಾವೆಯ ವಿಷಯದಲ್ಲಿ ಈ ಕಸುಬಿನವರು ಪ್ರಾಮಾಣಿಕರಾಗಿರುವುದನ್ನು ಕಲಿಯಬೇಕು. ಎಲ್ಲರೂ ಉದ್ಧರಿಸುವುದು ರೋಜರ್ ಉಲ್ರಿಚ್ ಅವರ 1984ರ ಅಧ್ಯಯನ: ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳಲ್ಲಿ, ಕಿಟಕಿಯಾಚೆ ಮರ ಕಾಣುತ್ತಿದ್ದ 23 ಮಂದಿ ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಮಂದಿಗಿಂತ ಸ್ವಲ್ಪ ಬೇಗ ಮನೆಗೆ ಹೋದರು, ಪ್ರಬಲ ನೋವುನಿವಾರಕವೂ ಅವರಿಗೆ ಕಡಿಮೆ ಬೇಕಾಯಿತು. ಒಳ್ಳೆಯ ಅಧ್ಯಯನವೇ. ಆದರೆ ಅಲ್ಲಿ ಯಾರೂ ಮಣ್ಣು ಮುಟ್ಟಿರಲಿಲ್ಲ, ಥೆರಪಿಸ್ಟ್ ಇರಲೇ ಇಲ್ಲ. 2017ರಲ್ಲಿ 22 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ತೋಟಗಾರಿಕೆಯಿಂದ ಖಿನ್ನತೆ, ಆತಂಕ ತಗ್ಗುತ್ತವೆ ಎಂದು ಕಂಡುಕೊಂಡಿತು. ಇನ್ನೊಂದೆಡೆ, ಸ್ಕಿಜೋಫ್ರೇನಿಯಾಕ್ಕೆ ಇದು ಎಷ್ಟು ಫಲಕಾರಿ ಎಂದು 2014ರಲ್ಲಿ ಕಾಕ್ರೇನ್ ಸಮೀಕ್ಷೆ ಹುಡುಕಿದಾಗ ಅದರ ಮಾನದಂಡಕ್ಕೆ ಒಪ್ಪುವ ಅಧ್ಯಯನ ಸಿಕ್ಕಿದ್ದು ಒಂದೇ, ಅದರಲ್ಲಿದ್ದವರು 24 ಜನ. ಯಾವ ತೀರ್ಮಾನಕ್ಕೂ ಅದು ಸಾಲದಾಯಿತು. ಹಾಗೆಂದು ಈ ಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದಲ್ಲ. ಅಳೆದು ಬರೆದಿಟ್ಟವರು ಕಡಿಮೆ ಎಂದರ್ಥ. ಯಾರು ಬಂದರು, ಎಷ್ಟು ಹೊತ್ತು ನಿಂತರು, ಯಾರ ಜೊತೆ ಮಾತಾಡಿದರು ಎಂದು ಪ್ರತಿ ದಿನ ನಾಲ್ಕು ಸಾಲು ಬರೆಯುವ ಶಿಸ್ತನ್ನು ತರಬೇತಿಯಲ್ಲೇ ಕಲಿಸದಿದ್ದರೆ ನಾಳೆಯೂ ಇದೇ ಗತಿ.

ನಮ್ಮ ರಾಜ್ಯದ ಕಡೆ ನೋಡೋಣ. ಕುತೂಹಲದ ಸಂಗತಿಯೆಂದರೆ ಬ್ರಿಟನ್ನಿನಲ್ಲಿ ಈ ಚಳವಳಿ ಶುರುಮಾಡಿದ ಅದೇ ಅಂಡರ್‌ಹಿಲ್, ಎರಡು ಸಾವಿರದ ಇಸವಿಯ ಹೊತ್ತಿಗೆ ಬೇಸಿಕ್‌ನೀಡ್ಸ್ ಎಂಬ ಇನ್ನೊಂದು ಸಂಸ್ಥೆ ಕಟ್ಟಿದರು. ಬಡವರ ನಡುವಿನ ಮಾನಸಿಕ ಕಾಯಿಲೆಗೆ ಔಷಧದ ಜೊತೆ ಜೀವನೋಪಾಯವನ್ನೂ ಜೋಡಿಸಬೇಕೆಂಬುದು ಅದರ ನಿಲುವು. ಅದರ ಭಾರತದ ಕೆಲಸಕ್ಕೆ ಬೆಂಗಳೂರೇ ನೆಲೆಯಾಯಿತು. ನಿಮ್ಹಾನ್ಸ್‌ನ ಮನೋವೈದ್ಯಕೀಯ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಹೊಲಿಗೆ, ಬಡಗಿ ಕೆಲಸಗಳ ಜೊತೆ ತೋಟಗಾರಿಕೆಯೂ ಇದೆ. ಜಿಲ್ಲೆಗಳಲ್ಲಿ ಸರ್ಕಾರದ ನೆರವಿನ ಮಾನಸಧಾರಾ ಹಗಲು ಆರೈಕೆ ಕೇಂದ್ರಗಳಿವೆ. ತೋಟಗಾರಿಕೆ ಇಲಾಖೆ ಲಾಲ್‌ಬಾಗ್ ಮುಂತಾದೆಡೆ ರೈತರ ಮಕ್ಕಳಿಗೆ ಹತ್ತು ತಿಂಗಳ ತರಬೇತಿ ಕೊಡುತ್ತದೆ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆಗೇ ಮೀಸಲಾದ ವಿಶ್ವವಿದ್ಯಾಲಯವಿದೆ. ಆಸ್ಪತ್ರೆಯೂ ಇದೆ, ಕಾಲೇಜೂ ಇದೆ. ಕ್ಯಾನ್ಸಸ್‌ನಲ್ಲಿ ಐವತ್ತು ವರ್ಷದ ಹಿಂದೆ ಕೈಜೋಡಿಸಿದ್ದು ಇವೆರಡೇ. ಇಲ್ಲಿ ಒಂದರ ವಿದ್ಯಾರ್ಥಿ ಇನ್ನೊಂದರ ಅಂಗಳಕ್ಕೆ ಕಾಲಿಡುವ ಏರ್ಪಾಡು ಬೇಕು.

ಕಾನೂನಿನ ಬಾಗಿಲು ಅರ್ಧ ತೆರೆದಿದೆ. 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆಯ ಪಟ್ಟಿಯಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಇದ್ದಾರೆ. ಕಲೆ, ನೃತ್ಯ, ಮನರಂಜನೆಯ ಮೂಲಕ ಚಿಕಿತ್ಸೆ ಕೊಡುವವರಿಗೂ ಜಾಗವಿದೆ. ತೋಟದ ಮೂಲಕ ಕೊಡುವವರ ಹೆಸರಿಲ್ಲ. ಅದಕ್ಕಾಗಿ ಕಾಯುತ್ತಾ ಕೂರುವ ಅಗತ್ಯವೂ ಇಲ್ಲ, ಅಮೆರಿಕದ ಸಂಘವೂ ಸರ್ಕಾರಕ್ಕೆ ಕಾಯಲಿಲ್ಲ. ವಿಶೇಷ ಮಕ್ಕಳ ಶಾಲೆಗಳಲ್ಲಿ, ವೃದ್ಧಾಶ್ರಮಗಳಲ್ಲಿ, ವ್ಯಸನಮುಕ್ತಿ ಕೇಂದ್ರಗಳಲ್ಲಿ ಈಗಾಗಲೇ ಸೊಪ್ಪಿನ ಮಡಿ ಮಾಡಿಸುತ್ತಿರುವ ಶಿಕ್ಷಕರು, ಸಿಸ್ಟರ್‌ಗಳು, ಮಾಲಿಗಳು ಇದ್ದಾರೆ. ಜಿಲ್ಲೆಗೊಂದು ಗುಂಪು, ತಿಂಗಳಿಗೊಂದು ಭೇಟಿ, ಜೊತೆಗೆ ಒಬ್ಬ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಒಬ್ಬ ತೋಟಗಾರಿಕೆ ಅಧಿಕಾರಿ: ಇಷ್ಟಕ್ಕೆ ಹೊಸ ಕಾಯ್ದೆ ಬೇಡ. ಕನ್ನಡದಲ್ಲಿ ಒಂದು ಕೈಪಿಡಿ ಮಾತ್ರ ಬೇಕೇ ಬೇಕು. ಯಾವ ಮಾತ್ರೆಗೆ ಬಿಸಿಲು ಆಗದು, ಯಾವ ಗಿಡ ವಿಷ, ಯಾವ ಬೀಜ ಯಾವ ಕೈಗೆ ಎಂದು ಅದರಲ್ಲಿರಲಿ.

ಓದುಗರಿಗೆ ಕೊನೆಯದಾಗಿ ಒಂದು ಮಾತು. ನಿಮ್ಮ ಮನೆಯವರನ್ನು ಇಂಥ ಯಾವುದೇ ತೋಟಕ್ಕೆ ಕಳಿಸುವ ಮುನ್ನ ಫೀಸು ಎಷ್ಟು ಎಂದು ಕೇಳುವುದರ ಜೊತೆಗೆ, ನಡೆಸುವವರು ಯಾರ ಕೈಕೆಳಗೆ ಎಷ್ಟು ಕಾಲ ಕಲಿತರು, ಕಷ್ಟವಾದಾಗ ಅವರು ಯಾರನ್ನು ಕೇಳುತ್ತಾರೆ, ನಿಮ್ಮವರು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಅವರಿಗೆ ಬೇಕೇ ಎಂದು ವಿಚಾರಿಸಿ. ಮಾತ್ರೆಯ ಪಟ್ಟಿಯನ್ನು ಅವರೇ ಮೊದಲು ಕೇಳಿದರೆ ಧೈರ್ಯವಾಗಿ ಕಳಿಸಿ.